ಮಂಗಳದಲ್ಲಿ ಪುನರ್ವಸತಿ

ಮನುಷ್ಯಕುಲವನ್ನು ಮಂಗಳ ಗ್ರಹಕ್ಕೆ ಸಾಗಿಸುವ ಕೆಲಸವನ್ನು ದತ್ತಾತ್ರೇಯ ಮಾಸ್ತರರು ನಿವೃತ್ತಿಯಾದ ಮರುದಿನವೇ ಕೈಗೆತ್ತಿಕೊಂಡರು. ಬಾಗಲಕೋಟೆಯ ಹೈಸ್ಕೂಲೊಂದರಲ್ಲಿ ಮೂವತ್ತನಾಲ್ಕು ವರ್ಷ ವಿಜ್ಞಾನ ಕಲಿಸಿದವರು. ಭೂಮಿಯನ್ನು ನಂಬಿ ಕೂರುವುದು ಜಾಣತನವಲ್ಲ, ಇನ್ನೊಂದು ಕಡೆ ಮನೆ ಮಾಡಿಟ್ಟುಕೊಳ್ಳಬೇಕು ಎಂಬುದು ಅವರ ಪಕ್ಕಾ ಅಭಿಪ್ರಾಯ. ಆದರೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗಾಗಿ ಹಳೆ ಬಾಗಲಕೋಟೆಯ ಓಣಿ ಖಾಲಿಯಾಗುವಾಗ ಎಲ್ಲರಿಗಿಂತ ಕೊನೆಗೆ, ಗೊಣಗುತ್ತ, ಬಾಗಿಲಿನ ಹೊಸ್ತಿಲು ಕಿತ್ತುಕೊಂಡು ಹೊರಟವರು ಇವರೇ. ಮುಳುಗಡೆಯವರಿಗೆಂದು ಕಟ್ಟಿದ ನವನಗರಕ್ಕೆ ಬಂದು ಇಪ್ಪತ್ತು ವರ್ಷವಾದರೂ ಕ್ಷೌರಕ್ಕೆ ಇಂದಿಗೂ, ಮುಳುಗದೆ ಉಳಿದ ಹಳೆ ಊರಿಗೇ ಹೋಗುತ್ತಾರೆ. ನವನಗರದ ಕತ್ತರಿ ತಮ್ಮ ತಲೆಗೆ ಒಗ್ಗುವುದಿಲ್ಲವಂತೆ. ಈ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಪುರಸೊತ್ತು ಅವರಿಗೆ ಇನ್ನೂ ಸಿಕ್ಕಿಲ್ಲ.

ಅವರು ಕಟ್ಟಿದ ಸಂಘದ ಹೆಸರು ‘ಅಂತರಿಕ್ಷ ವಸಾಹತು ಜನಜಾಗೃತಿ ಸಂಘ’. ಅಧ್ಯಕ್ಷರು ಮಾಸ್ತರರು, ಕಾರ್ಯದರ್ಶಿಯೂ ಮಾಸ್ತರರು, ಖಜಾಂಚಿ ಹೆಂಡತಿ ರುಕ್ಮಿಣೀಬಾಯಿ. ತಾವು ಖಜಾಂಚಿ ಎಂಬ ಸಂಗತಿ ಆಕೆಗೆ ತಿಳಿದದ್ದು ಕಾಗದವೊಂದಕ್ಕೆ ಸಹಿ ಬೇಕಾದಾಗ. ಒಂಬತ್ತು ವರ್ಷದಲ್ಲಿ ಮಾಸ್ತರರು ಸಾಲಿ, ಕಾಲೇಜು, ಹುನಗುಂದದ ವಕೀಲರ ಕೋಣೆ, ಇಳಕಲ್ಲಿನ ಮದುವೆ ಮನೆ ಒಂದನ್ನೂ ಬಿಡದೆ ಭಾಷಣ ಮಾಡಿದರು. ಚಂದ್ರಯಾನ ಇಳಿದ ವಾರ ಎರಡು ಕಡೆ ಶಾಲು ಹೊದಿಸಿದರು. ಮುಂದಿನ ವಾರ ಕ್ರಿಕೆಟ್ ಶುರುವಾಯಿತು, ಶಾಲು ಟ್ರಂಕಿಗೆ ಸೇರಿತು. ಈ ಒಂಬತ್ತು ವರ್ಷದಲ್ಲಿ ಒಬ್ಬನೇ ಒಬ್ಬ ಕೇಳುಗನೂ ಅವರಿಗೆ ಒಂದೇ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಮೈಕು ಯಾವಾಗ ವಾಪಸು ಕೊಡುತ್ತೀರಿ ಎಂದು ಕೇಳಿದ್ದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಹೋದ ದೀಪಾವಳಿಯ ಭಾಷಣಕ್ಕೆ ಏಳು ಮಂದಿ ಬಂದಿದ್ದರು, ಅದರಲ್ಲಿ ಮೂವರು ಪೆಂಡಾಲಿನವರು. ಅಂದು ಮನೆಗೆ ಬಂದ ಮಾಸ್ತರರು ಸಿಟ್ಟಿನಲ್ಲಿ ಮಾತು ಕೊಟ್ಟುಬಿಟ್ಟರು.

“ಮುಂದಿನ ಸಭಾಕ್ಕ ಐವತ್ತು ಕುರ್ಚಿ ತುಂಬಲಿಲ್ಲಂದ್ರ ಸಂಘಕ್ಕ ಬೀಗ ಹಾಕ್ತೇನಿ, ರುಕ್ಮಿಣಿ. ಆಕಾಶ ನೋಡೋ ನನ್ನ ದುರ್ಬೀನೂ ಯಾವುದರೆ ಸಾಲಿಗೆ ಕೊಟ್ಟುಬಿಡ್ತೇನಿ.”

“ಬೀಗ ನಾ ಕೊಡ್ತೇನಿ ತೊಗೋರಿ,” ಎಂದರು ರುಕ್ಮಿಣೀಬಾಯಿ. ಹಳೆ ಮನೆಯ ಬಾಗಿಲಿಗೆ ಹಾಕುತ್ತಿದ್ದ ಹಿತ್ತಾಳೆಯ ಬೀಗ ಕೆಲಸವಿಲ್ಲದೆ ಬಿದ್ದಿತ್ತು. ಅದನ್ನು ಒರೆಸಿ ಚೀಲದಲ್ಲಿ ಇಟ್ಟುಕೊಂಡರು. ಜೊತೆಗೆ ಒಂದು ಸಲಹೆಯನ್ನೂ ಕೊಟ್ಟರು: “ಈ ಸಲ ನ್ಯೂಟನ್ನನಿಂದ ಶುರು ಮಾಡಬ್ಯಾಡ್ರಿ. ಮಣ್ಣು, ನೀರಿನಿಂದ ಶುರು ಮಾಡ್ರಿ. ಮಂದಿಗೆ ತಿಳಿತದ.”

‘ಮಂಗಳ ಗ್ರಹದಲ್ಲಿ ವಸಾಹತು’ ಎಂಬ ಕರಪತ್ರ ಮಾಡಿಸಲು ಮಾಸ್ತರರು ಹೋದದ್ದು ಫಕ್ರುಸಾಬನ ಪ್ರೆಸ್ಸಿಗೆ. ಫಕ್ರುಸಾಬ ಲಗ್ನಪತ್ರಿಕೆ, ತಿಥಿಯ ಕಾರ್ಡು ಮಾಡುವುದರಲ್ಲಿ ಪಳಗಿದ ಕೈ. ಮಂದಿಗೆ ಏನು ಓದಬೇಕು ಅನ್ನಿಸುತ್ತದೆ ಎನ್ನುವುದು ತನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ ಎಂದು ನಂಬಿದವನು.

“ಸರ, ವಸಾಹತು ಅಂದ್ರ ಮಂದಿ ಬ್ರಿಟಿಷರು ತಿರುಗಿ ಬಂದ್ರು ಅಂತ ತಿಳೀತಾರ,” ಎಂದ.

“ಇರಲಿ. ಅದ ಸರಿಯಾದ ಶಬ್ದ,” ಎಂದು ಮಾಸ್ತರರು ಹೊರಟರು.

ಅವರು ಮೆಟ್ಟಿಲಿಳಿದದ್ದೇ ತಡ, ಫಕ್ರುಸಾಬ ‘ವಸಾಹತು’ ಅಳಿಸಿ ಈ ಸೀಮೆಯ ಕೂಸಿಗೂ ಗೊತ್ತಿರುವ ಶಬ್ದ ಕೂಡಿಸಿದ. ಅದು ಉದ್ದವಾಯಿತು. ಜಾಗ ಸಾಲದೆ ‘ಗ್ರಹ’ವನ್ನು ತೆಗೆದ. ದಪ್ಪ ಅಕ್ಷರದಲ್ಲಿ ‘ಮಂಗಳದಲ್ಲಿ ಪುನರ್ವಸತಿ: ಮಾಹಿತಿ ಸಭೆ, ತಪ್ಪದೆ ಬನ್ನಿ’ ಎಂದು ಅಚ್ಚಾಗಿ, ಪೇಪರಿನೊಳಗೆ ಸೇರಿ, ಬಸ್ಸು ಹತ್ತಿ ಹಳ್ಳಿಹಳ್ಳಿಗೆ ಹೋಯಿತು. ಅಣೆಕಟ್ಟಿನ ಎತ್ತರ ಮತ್ತೆ ಹೆಚ್ಚುತ್ತದೆ, ಇನ್ನಷ್ಟು ಊರು ಮುಳುಗುತ್ತವೆ ಎಂಬ ಮಾತು ಹಬ್ಬಿದ್ದ ಹೊತ್ತು ಅದು. ಮಾಸ್ತರರು ಕರಪತ್ರ ನೋಡಲೇ ಇಲ್ಲ, ಭಾಷಣ ತಿದ್ದುವುದರಲ್ಲಿದ್ದರು.

ರವಿವಾರ ಮಧ್ಯಾಹ್ನ ಸಮುದಾಯ ಭವನಕ್ಕೆ ಬಂದ ಮಾಸ್ತರರು ಬಾಗಿಲಲ್ಲೇ ನಿಂತುಬಿಟ್ಟರು. ಕುರ್ಚಿ ತುಂಬಿ, ಕಟ್ಟೆ ತುಂಬಿ, ಮಂದಿ ಕಿಟಕಿಯಲ್ಲಿ ಜೋತುಬಿದ್ದಿದ್ದರು. ಅನೇಕರ ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಹೊಲದ ಉತಾರ, ಆಧಾರ್ ಕಾರ್ಡು. ಹಿಂದಿನ ಸಾಲಿನಲ್ಲಿ ಕೂತ ರುಕ್ಮಿಣೀಬಾಯಿ ಎಣಿಸಲು ಶುರು ಮಾಡಿ ನೂರ ಮೂವತ್ತಕ್ಕೆ ಕೈಬಿಟ್ಟರು. ಮಾಸ್ತರರ ಕಣ್ಣು ತುಂಬಿ ಬಂತು. ಕೊನೆಗೂ ನನ್ನ ನಾಡು ಎಚ್ಚರಾಯಿತು ಎಂದುಕೊಂಡರು ಪಾಪ.

ಕರೆಂಟು ಇರಲಿಲ್ಲ. ತಾವೇ ಬಿಡಿಸಿದ ಗುಮ್ಮಟದಂಥ ಮನೆಗಳ ಚಿತ್ರಪಟವನ್ನು ಗೋಡೆಗೆ ತೂಗುಹಾಕಿ, ಹೆಂಡತಿ ಹೇಳಿದಂತೆ ಮಣ್ಣಿನಿಂದ ಶುರು ಮಾಡಿದರು.

“ಮಂಗಳದಾಗ ಇರೋದು ಕೆಂಪು ಮಣ್ಣು.”

“ಕೆಂಪು ಮಣ್ಣಾದ್ರ ಶೇಂಗಾ ಬರ್ತಾವು,” ಎಂದು ಮುಂದಿನ ಸಾಲಿನ ಮುದಕಪ್ಪ ಪಕ್ಕದವನಿಗೆ ಹೇಳಿದ. ಹೊಳೆದಂಡೆಯ ಊರಿನ ಹಿರಿಯ, ತಲೆಗೆ ಹಳದಿ ಪಟಕ. “ನೀರು ಐತೇನ್ರಿ ಸರ?”

ಒಂಬತ್ತು ವರ್ಷದ ಮೊದಲ ಪ್ರಶ್ನೆ. ಮಾಸ್ತರರು ಮುದಕಪ್ಪನ ಕಡೆಗೆ ಎರಡು ಹೆಜ್ಜೆ ಬಂದರು. “ಅದರಿ. ನೆಲದ ಕೆಳಗ ಅದ. ಮ್ಯಾಲೆ ತರಬೇಕು.”

“ಹಂಗಾರ ಮರೋಳದಾಗಿನಂಗ ಏತ ನೀರಾವರಿ.”

“ಮನಿ ಕಟ್ಟಿ ಕೊಡ್ತಾರೋ, ಜಾಗ ಅಷ್ಟೋ?”

“ಕುರಿ ಒಯ್ಯಾಕ ಬಿಡ್ತಾರೇನ್ರಿ?”

ಎಂಥ ಪ್ರಶ್ನೆಗಳು. ದೊಡ್ಡ ದೊಡ್ಡ ವಿಜ್ಞಾನಿಗಳು ಕೇಳಬೇಕಾದ ಪ್ರಶ್ನೆಗಳು. ಮಾಸ್ತರರು ಒಂದೊಂದಕ್ಕೂ ಉತ್ತರಿಸುತ್ತ ಬೆವತು, ಅಂಗಿ ಮೈಗಂಟಿ, ಜನ್ಮ ಸಾರ್ಥಕವಾಗುತ್ತಿರುವಾಗ ಮುದಕಪ್ಪ ಕೈಯೆತ್ತಿದ.

“ಎಲ್ಲಾ ಖರೆ ಸರ. ಈ ಮಂಗಳ ಎಲ್ಲಿ ಬರ್ತೈತಿ? ಹುನಗುಂದ ದಾಟಿ ಏನ್ರಿ? ಅರ್ಜಿ ಯಾರ ಕಡೆ ಕೊಡೋದು?”

ಅವನ ಕೈಯಲ್ಲಿದ್ದ ಕರಪತ್ರವನ್ನು ಮಾಸ್ತರರು ಆಗ ಮೊದಲ ಸಲ ಓದಿದರು.

ಒಂದು ಗಳಿಗೆ ಅವರ ಮನಸ್ಸು ಜಾರಿತು. ಅರ್ಜಿಯ ವಿಚಾರ ಮುಂದೆ ತಿಳಿಸುತ್ತೇವೆ ಎಂದುಬಿಟ್ಟರೆ ಸಾಕು, ಸಭೆ ಉಳಿಯುತ್ತದೆ, ಸಂಘ ಉಳಿಯುತ್ತದೆ, ದುರ್ಬೀನು ಮನೆಯಲ್ಲೇ ಇರುತ್ತದೆ. ಆದರೆ ಆ ಪ್ಲಾಸ್ಟಿಕ್ ಚೀಲಗಳು ಕಣ್ಣಿಗೆ ಬಿದ್ದವು. ಅಂಥದೇ ಚೀಲ ಹಿಡಿದು ಅವರೂ ಕಚೇರಿಗಳ ಬಾಗಿಲು ಕಾದವರು.

“ತಪ್ಪಾಗೇದ್ರಿ,” ಎಂದರು. “ಇದು ಆಕಾಶದಾಗಿನ ಮಂಗಳ. ಐದಾರು ಕೋಟಿ ಕಿಲೋಮೀಟರ ದೂರ, ಅದೂ ಸಮೀಪ ಬಂದಾಗ. ಅರ್ಜಿ ಗಿರ್ಜಿ ಏನೂ ಇಲ್ಲ. ಪ್ರೆಸ್ಸಿನಾಗ ಶಬ್ದ ಬದಲಾಗೇದ, ನಾ ನೋಡಲಿಲ್ಲ.”

ಯಾರೂ ಗಲಾಟೆ ಮಾಡಲಿಲ್ಲ. ಅದರಿಂದಲೇ ಮಾಸ್ತರರಿಗೆ ಹೆಚ್ಚು ನೋವಾಯಿತು. “ಅಷ್ಟು ದೂರ ಇನ್ನೂ ಒಯ್ದಿಲ್ಲ ನೋಡು ನಮ್ಮನ್ನ,” ಎಂದು ಮುದಕಪ್ಪ ಪಟಕ ಸರಿಮಾಡಿಕೊಂಡು ಎದ್ದ. ಉತಾರಗಳು ಚೀಲ ಸೇರಿದವು, ಹತ್ತು ನಿಮಿಷದಲ್ಲಿ ಭವನ ಖಾಲಿ. ಕುರಿ ಕೇಳಿದ್ದ ಸತ್ಯವ್ವ ಮಾತ್ರ ಕೂತೇ ಇದ್ದಳು.

“ನನ್ನ ಬಸ್ಸಿಗಿ ಇನ್ನಾ ಹೊತ್ತೈತ್ರಿ. ಉಳಿದದ್ದು ಹೇಳ್ರಿ.”

ಒಬ್ಬಳಿಗಾಗಿ ರಾಕೆಟ್ಟು ಹಾರಿಸುವ ಹುರುಪು ಮಾಸ್ತರರಿಗೆ ಉಳಿದಿರಲಿಲ್ಲ. ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ತಾವೇ ಒಂದು ಪ್ರಶ್ನೆ ಕೇಳಿದರು. “ಹಿಂದಿನ ಮುಳುಗಡ್ಯಾಗ ನೀವು ಊರು ಬಿಟ್ಟಾಗ ಹೆಂಗಿತ್ತ್ರಿ?”

“ಹೆಂಗ ಅಂದ್ರ? ನಾವು ಹೊಸ ಊರಿಗಿ ಬಂದ್ವಿ. ಕುರಿ ಮಾತ್ರ ದಿನಾ ಹಳೇ ದಾರಿ ಹಿಡದು ಹೋಗಿ ನೀರಿನ ದಂಡಿಗಿ ನಿಂದರತಿದ್ದುವು. ಹೊಡಕೊಂಡು ಬರೂದ ಒಂದು ಕೆಲಸ.” ಸತ್ಯವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. “ಬೀರಪ್ಪನ ಗುಡಿ ಎತ್ತೂ ಮೊದಲ ದೇವರನ್ನ ಕೇಳಿದ್ವಿ, ಬರ್ತೀಯೋ ಇಲ್ಲೋ ಅಂತ. ಬರ್ತೇನಿ ಅಂತ ಮೈಮ್ಯಾಲಿನ ಹೂವು ಬಲಕ್ಕ ಕೆಡವಿ ಅಪ್ಪಣೆ ಕೊಟ್ಟ. ನಮ್ಮನ್ನ ಯಾರೂ ಕೇಳಲಿಲ್ಲ.”

ಮಾಸ್ತರರು ಭಾಷಣದ ಹಾಳೆಯ ಹಿಂಬದಿಯಲ್ಲಿ ಅದನ್ನು ಬರೆದುಕೊಂಡರು.

“ನನ್ನೂ ಯಾರೂ ಕೇಳಿಲ್ಲ ನೋಡ್ರಿ ಸತ್ಯವ್ವ,” ಎಂದಿತು ಹಿಂದಿನ ಸಾಲು. “ನಮ್ಮ ಮನಿಯವರದು ಭಾಳ ದೂರದ ವಿಚಾರ. ಹತ್ತಿರದ್ದು ಅವರ ಕಣ್ಣಿಗೆ ಬೀಳಂಗಿಲ್ಲ.”

ಮಾಸ್ತರರು ತಿರುಗಿ ನೋಡಿದರು. ಚೀಲ ತೊಡೆಯ ಮೇಲಿಟ್ಟುಕೊಂಡು ಕೂತ ಹೆಂಡತಿ, ಚೀಲದೊಳಗೆ ಬೀಗದ ಉಬ್ಬು. “ಈಗ ಕೇಳ್ತೇನಿ,” ಎಂದರು ಮೆಲ್ಲಗೆ. “ಹಳೆ ಮನ್ಯಾಗ ಏನು ಬಿಟ್ಟು ಬಂದಿ, ರುಕ್ಮಿಣಿ?”

“ಮಲಿಕಾನ ಕಿಟಕಿ.”

“ಯಾವ ಕಿಟಕಿ?”

“ಅಡಗಿಮನಿದು. ಬಾಜೂ ಮನಿ ಮಲಿಕಾನ ಅಡಗಿಮನಿ, ನಮ್ಮದು, ನಡುವಿನ ಒಂದ ಗ್ವಾಡ್ಯಾಗ ಆ ಕಿಟಕಿ. ಇಪ್ಪತ್ತೆರಡು ವರ್ಷ ಅದರಾಗ ಮಾತಾಡೀವಿ. ನವನಗರದಾಗ ಆಕಿಗೆ ಬ್ಯಾರೆ ಸೆಕ್ಟರಿನಾಗ ಜಾಗ ಬಂತು.”

ಆ ಇಪ್ಪತ್ತೆರಡು ವರ್ಷವೂ ಸಂಜೆಯಾದರೆ ದುರ್ಬೀನು ಹೊತ್ತು ಮಾಳಿಗೆ ಹತ್ತಿದವರು ಮಾಸ್ತರರು. ಚಂದ್ರನ ಮೇಲಿನ ಕುಳಿಗಳ ಹೆಸರು ಇವತ್ತಿಗೂ ಬಾಯಿಪಾಠ. ತಮ್ಮ ಅಡುಗೆಮನೆಗೆ ಕಿಟಕಿ ಇತ್ತೆಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಎದ್ದು ಹೋಗಿ ಚಿತ್ರಪಟದ ಮುಂದೆ ನಿಂತರು. ಮಂಗಳದ ಮೇಲಿನ ಗುಮ್ಮಟಗಳು ಒಂದಕ್ಕೊಂದು ದೂರ ದೂರ, ಒಂದಕ್ಕೂ ಕಿಟಕಿಯಿಲ್ಲ. ಜೇಬಿನಿಂದ ಪೆನ್ನು ತೆಗೆದರು.

“ಕಿಟಕಿ ಎಷ್ಟು ದೊಡ್ಡದು ಇರಬೇಕು?” ಎಂದು ಕೇಳಿದರು.

“ಒಂದು ಬಟ್ಟಲ ಪಲ್ಯ ದಾಟಿದ್ರ ಸಾಕು,” ಎಂದರು ರುಕ್ಮಿಣೀಬಾಯಿ.