ತೊಡೆಯ ಮಡಿಕೆ ನೋಡಿದ ಮುನಿಗಂಗಮ್ಮ

ಮಗಳಿಗೆ ಐದು ತಿಂಗಳು ತುಂಬಿದ ಮೇಲೆ, ಐವತ್ತೆಂಟನೆಯ ಇಸವಿಯಲ್ಲಿ, ಬಸವನಗುಡಿಯ ತವರಿನಿಂದ ಯಲಹಂಕಕ್ಕೆ ಬಂದೆ. ನಮ್ಮ ಯಜಮಾನರು ಅಲ್ಲಿನ ರೈಲ್ವೆ ಸ್ಟೇಷನ್ನಿನಲ್ಲಿ ಗುಮಾಸ್ತರು. ಮಗುವಿಗೆ ಎಣ್ಣೆ ತಿಕ್ಕಿ ನೀರೆರೆಯುವುದಕ್ಕೆ ಪಕ್ಕದ ಊರು ಕೋಗಿಲಿನ ಮುನಿಗಂಗಮ್ಮನವರನ್ನು ಮೊದಲೇ ಗೊತ್ತುಮಾಡಿಟ್ಟಿದ್ದರು. ಸುತ್ತಿನ ಊರುಗಳಲ್ಲಿ ಅರ್ಧ ಮಕ್ಕಳು ಆಕೆಯ ಕಾಲ ಮೇಲೆ ಮಲಗಿ ಸ್ನಾನ ಮಾಡಿದವರೇ. ಉಳುಕಿದ ಕಾಲಿಗೆ ಎಣ್ಣೆ ಹಚ್ಚಿಕೊಡುತ್ತಿದ್ದರು. ಮೂಳೆ ಮುರಿದಿದೆ ಎಂಬ ಅನುಮಾನ ಬಂದರೆ ಮಾತ್ರ ತಿಕ್ಕದೆ, ಪಟ್ಟಿ ಕಟ್ಟಿ, ಆಸ್ಪತ್ರೆಗೆ ಓಡಿಸುತ್ತಿದ್ದರು.

ನಾನೋ ಹೈಸ್ಕೂಲು ಓದಿದವಳು, ಸುಮ್ಮಸುಮ್ಮನೆ ಹೆದರುವವಳು. ಮಗುವನ್ನು ಕಾಲಗಲಿಸಿ ಸೊಂಟದ ಮೇಲೆ ಕೂರಿಸಿಕೊಂಡರೆ ಕಾಲು ಸೊಟ್ಟಗಾಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿದ್ದೆ. ಹಾಗಾಗಿ ಮಗಳ ಎರಡು ಕಾಲನ್ನೂ ನೆಟ್ಟಗೆ ಜೋಡಿಸಿ, ಹಳೆಯ ಪಂಚೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸುವುದು ನನ್ನ ಪದ್ಧತಿ.

"ಸೊಂಟದ ಮೇಲೆ ಮಾತ್ರ ಎತ್ಕೋಬೇಡಿ," ಎಂದು ಮೊದಲ ದಿನವೇ ಹೇಳಿದೆ.

"ಆಗ್ಲಿ ಕಣಮ್ಮೋರೆ. ತಲೆ ಮ್ಯಾಲೆ ಕೂರುಸ್ಕೊಂತೀನಿ," ಎಂದರು ಮುನಿಗಂಗಮ್ಮ, ನಗದೆ.

ಬಚ್ಚಲಲ್ಲಿ ಕಾಲು ನೀಡಿ ಕೂತು, ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಹರಳೆಣ್ಣೆ ತಿಕ್ಕತೊಡಗಿದರು. ಆಮೇಲೆ ಮಂಡಿ ಮಡಚಿ, ತೊಡೆಗಳನ್ನು ಮೆಲ್ಲಗೆ ಅಗಲಿಸಿದರು. ಬಲಗಾಲು ಸಲೀಸಾಗಿ ಪಕ್ಕಕ್ಕೆ ಬಿತ್ತು. ಎಡಗಾಲು ಅರ್ಧಕ್ಕೇ ನಿಂತಿತು. ಆಕೆಯ ಕೈಯೂ ಅಲ್ಲೇ ನಿಂತಿತು. ಮಗುವನ್ನು ಬೋರಲು ಹಾಕಿ ತೊಡೆಯ ಹಿಂಭಾಗ ನೋಡಿದರು. ಮತ್ತೆ ಅಂಗಾತ ತಿರುಗಿಸಿ ಎರಡು ಮಂಡಿಗಳನ್ನೂ ಜೋಡಿಸಿ ಹಿಡಿದರು. ಎಡಮಂಡಿ ಒಂದು ಬೆರಳಿನಷ್ಟು ತಗ್ಗಿತ್ತು.

"ಬಲಗಡೆ ತೊಡೆಗೆ ಎಲ್ಡು ಮಡಿಕೆ, ಈ ತೊಡೆಗೆ ಮೂರು. ಕೀಲು ಜಾಗದಾಗಿಲ್ಲ ಅನ್ಸ್ತದೆ. ಈ ಕಾಲ ನಾನು ಎಳೆಯಾಕಿಲ್ಲ. ಸಿಟಿ ಆಸ್ಪತ್ರೆಗೆ ತೋರ್ಸಿ."

ನನಗೆ ಮೈಯೆಲ್ಲ ಉರಿಯಿತು. "ಐದು ತಿಂಗಳಿಂದ ಯಾರಿಗೂ ಕಾಣದ್ದು ನಿಮಗೆ ಒಂದೇ ದಿನಕ್ಕೆ ಕಂಡಿತಾ? ಮಗು ಅಳ್ತಾನೂ ಇಲ್ಲ."

"ನೋವಿದ್ರಲ್ವಾ ಅಳಾದು? ನಮ್ ತಂಗಿ ಮಾರಮ್ಮನೂ ಅಳ್ತಿರ್ಲಿಲ್ಲ. ನಡಿಯಾಕೆ ನಿಂತ ಮ್ಯಾಲೆ ಗೊತ್ತಾಯ್ತು. ಅಷ್ಟೊತ್ಗೆ ಗಟ್ಟಿಯಾಗೋಗಿತ್ತು. ಇವತ್ಗೂ ಆ ಕಡೆ ಈ ಕಡೆ ತೂಗಾಡ್ಕಂಡೇ ನಡೀತಾಳೆ. ಅವತ್ತಿಂದ ಯಾವ ಕೂಸು ಬಂದ್ರೂ ನಾನು ಮೊದ್ಲು ತೊಡೆ ನೋಡಾದು."

ಅಂದು ನಾನು ಊಟ ಮಾಡಲಿಲ್ಲ. ಮಗಳು ಕುಂಟುತ್ತಾ ಸ್ಕೂಲಿಗೆ ಹೋಗುವುದು, ಮಕ್ಕಳು ಆಡಿಕೊಳ್ಳುವುದು, ಮುಂದೆ ಮದುವೆ, ಎಲ್ಲವೂ ಕಣ್ಣ ಮುಂದೆ ಬಂತು. ಯಜಮಾನರು, "ಆಕೆಯ ಮಾತು ಸುಳ್ಳಾದರೆ ರೈಲಲ್ಲಿ ಹೋಗಿಬಂದ ಹಾಗಾಗತ್ತೆ, ಅಷ್ಟೇ ತಾನೆ," ಎಂದು ಮರುದಿನವೇ ರಜಾ ಹಾಕಿದರು.

ಆಸ್ಪತ್ರೆಯ ಮೂಳೆ ಡಾಕ್ಟರು ಎಕ್ಸ್‌ರೇ ತೆಗೆಸಿ, ಬೆಳಕಿಗೆ ಹಿಡಿದು ತೋರಿಸಿದರು. ಎಡತೊಡೆಯ ಮೂಳೆಯ ತುದಿ ಸೊಂಟದ ಗುಳಿಯಲ್ಲಿ ಕೂರದೆ ಹೊರಕ್ಕೆ ಜಾರಿತ್ತು.

"ಹೆರಿಗೆಯಲ್ಲಿ ಕಾಲು ಮುಂದಾಗಿ ಬಂದಿತ್ತಾ?"

"ಹೌದು."

"ಅಂಥ ಮಕ್ಕಳಲ್ಲಿ ಇದು ಜಾಸ್ತಿ. ಕಾಲು ಜೋಡಿಸಿ ಬಿಗಿದು ಕಟ್ಟೋ ಅಭ್ಯಾಸ ಏನಾದರೂ ಇದೆಯಾ?"

ನಾನು ತಲೆ ತಗ್ಗಿಸಿದೆ. ಅವರು ಬೈಯಲಿಲ್ಲ. "ಇವತ್ತಿಂದ ನಿಲ್ಲಿಸಿ. ಕೀಲು ಕೂರಿಸಿ, ಕಾಲು ಅಗಲವಾಗೇ ಇರೋ ಹಾಗೆ ಚರ್ಮದ ಪಟ್ಟಿ ಹಾಕ್ತೀನಿ. ಹಳ್ಳಿ ಹೆಂಗಸರು ಸೊಂಟದ ಮೇಲೆ ಮಗು ಕೂರಿಸ್ಕೋತಾರಲ್ಲ, ಹೆಚ್ಚುಕಡಿಮೆ ಅದೇ ಭಂಗಿ. ನಡೆಯೋ ಮುಂಚೆ ತಂದಿರಿ, ಒಳ್ಳೇದಾಯ್ತು. ಯಾರು ಕಂಡುಹಿಡಿದದ್ದು?"

"ನಮ್ಮ ಮನೇಲಿ ನೀರೆರೆಯೋರು," ಎಂದೆ.

ಕಪ್ಪೆಯಂತೆ ಕಾಲಗಲಿಸಿಕೊಂಡ ಮಗಳನ್ನು ಕರೆತಂದು, ಡಾಕ್ಟರ ಮಾತನ್ನು ಮುನಿಗಂಗಮ್ಮನಿಗೆ ಒಪ್ಪಿಸಿದೆ. ಆಕೆ ಕೈ ಚಾಚಿ ಮಗುವನ್ನು ಸೊಂಟಕ್ಕೇರಿಸಿಕೊಂಡರು.

"ಆವತ್ತು ಬ್ಯಾಡ ಅಂದ್ರಿ. ಈಗ ಡಾಕ್ಟರು ಚೀಟಿ ಬರ್ಕೊಟ್ರಾ?"

ನಾನು ಅಳುತ್ತಲೇ ನಕ್ಕೆ.

ನಾಲ್ಕು ತಿಂಗಳು ಆ ಪಟ್ಟಿ. ನೀರೆರೆಯುವ ಹಾಗಿಲ್ಲ. ಆದರೂ ಮುನಿಗಂಗಮ್ಮ ಒಂದು ದಿನವೂ ತಪ್ಪಿಸಲಿಲ್ಲ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ, ಪಟ್ಟಿ ಒತ್ತುವಲ್ಲಿ ಚರ್ಮ ಕೆಂಪಾಗಿದೆಯೇ ನೋಡಿ, ಮಗಳನ್ನು ಸೊಂಟದ ಮೇಲಿಟ್ಟುಕೊಂಡು ಸ್ಟೇಷನ್ನಿನವರೆಗೆ ಹೋಗಿ ರೈಲು ತೋರಿಸಿ ಬರುತ್ತಿದ್ದರು. ನಾನು ದಿನಕ್ಕೆ ಹತ್ತು ಸಲ, "ಸರಿಹೋಗತ್ತಾ ಮುನಿಗಂಗಮ್ಮ?" ಎಂದು ಕೇಳುತ್ತಿದ್ದೆ. "ನಡೆದ ದಿನ ಹೇಳ್ತೀನಿ," ಎನ್ನುವುದೇ ಉತ್ತರ. ಪಟ್ಟಿ ಬಿಚ್ಚಿದ ದಿನ ಡಾಕ್ಟರು ಎಕ್ಸ್‌ರೇ ನೋಡಿ ಕೀಲು ಕೂತಿದೆ ಎಂದರು. ಆಗಲೂ ಆಕೆಯ ಮಾತು ಅದೇ.

ಹದಿನೈದನೆಯ ತಿಂಗಳಲ್ಲಿ ಮಗಳು ಗೋಡೆ ಬಿಟ್ಟು ಹೆಜ್ಜೆಯಿಟ್ಟಳು. ಮರುದಿನ ಮುನಿಗಂಗಮ್ಮ ಬಂದೊಡನೆ ಅವರ ಕಡೆಗೇ ನಡೆಸಲು ಹೋದೆ.

"ನನ್ ಕಡೆ ಬ್ಯಾಡ. ಸೊಂಟ ತೂಗಾಡಾದು ಮುಂದ್ಗಡೆಯಿಂದ ತಿಳಿಯಾಕಿಲ್ಲ. ನೀವು ಆ ಬಾಗಿಲಾಗೆ ನಿಂತು ಕರೀರಿ," ಎಂದು ಮಗಳ ಹಿಂದೆ ನೆಲದ ಮೇಲೆ ಕೂತರು.

ನಾನು ಕರೆದೆ. ಮಗಳು ಎರಡು ಕೈಯನ್ನೂ ಚಾಚಿಕೊಂಡು ನನ್ನತ್ತ ಬಂದಳು. ನಡಿಗೆ ಸರಿಯೋ ಇಲ್ಲವೋ ಮುಂದಿನಿಂದ ನನಗೆ ತಿಳಿಯುವಂತಿರಲಿಲ್ಲ, ಹಾಗಾಗಿ ನಾನು ನೋಡುತ್ತಿದ್ದದ್ದು ಮುನಿಗಂಗಮ್ಮನ ಮುಖವನ್ನು. ಆಕೆ ಕಣ್ಣು ಮಿಟುಕಿಸದೆ ಆ ಪುಟ್ಟ ಸೊಂಟವನ್ನೇ ನೋಡುತ್ತಿದ್ದರು. ಕೊನೆಗೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಮಾರಮ್ಮನ ನಡಿಗೆ ಅಲ್ಲ ಕಣಮ್ಮೋರೆ. ನೀರು ಕಾದೈತಾ? ತಗಂಬನ್ನಿ, ಇವತ್ತು ತಲೆಗೂ ಉಯ್ತೀನಿ."