ಪಂಚಮಿಯ ಪುಟ

ವರ್ಗಾವಣೆಯ ಗಡಿಬಿಡಿಯಲ್ಲಿ ಕಪಾಟು ಖಾಲಿ ಮಾಡುವಾಗ ಹಳೆಯ ಡ್ರಾಯಿಂಗ್ ಪುಸ್ತಕವೊಂದು ಕೈಗೆ ಬಂತು. ತೆರೆದರೆ ಬೂಷ್ಟಿನ ವಾಸನೆ, ಅದರೊಳಗೆ ಸಣ್ಣಗೆ ಪೆನ್ಸಿಲ್ ಪುಡಿಯ ವಾಸನೆ. ಬೆರಳಿಗೆ ಕರಿ ಹತ್ತಿತು. ಕಡಲ ಬದಿಯ ಅಮದಳ್ಳಿಯ ಮಾಸ್ತರ ಬೆರಳುಗಳೂ ಸದಾ ಹೀಗೇ ಇರುತ್ತಿದ್ದವು...

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ನನಗೆ ಆಗಷ್ಟೇ ಶಾಲೆಯ ನೌಕರಿ ಸಿಕ್ಕಿ, ಅವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಅವರು ನಿವೃತ್ತ ವಿಜ್ಞಾನ ಮಾಸ್ತರು. ಪಿವಿಸಿ ಪೈಪಿಗೆ ಕನ್ನಡಿ ಕೂರಿಸಿ ತಾವೇ ದುರ್ಬೀನು ಮಾಡಿಕೊಂಡಿದ್ದರು. ಸಂಜೆಯಾದರೆ ತಾರಸಿ ಹತ್ತಿ, ಚಂದ್ರನ ಮೇಲೆ ಬೆಳಕು ಕತ್ತಲೆ ಕೂಡುವ ಗೆರೆಯಲ್ಲಿನ ಕುಳಿ, ಗುಡ್ಡಗಳನ್ನು ತಿಥಿಗೊಂದು ಪುಟದಂತೆ ಬಿಡಿಸುತ್ತಿದ್ದರು.

"ಹುಣ್ಣಿಮೆಗೆ ನೋಡೂಕೆ ಎಂತದೂ ಇಲ್ಲ ಅಕ್ಕೋರೇ. ಬರೀ ಬಿಳಿ. ನೆರಳು ಇದ್ರೇ ಗುಡ್ಡ ಕಾಣೂದು" ಅನ್ನುತ್ತಿದ್ದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ.

ಅವರ ಕೈ ನಡುಗುತ್ತಿತ್ತು. ಚಿತ್ರ ಹೇಗೋ ಸಂಭಾಳಿಸುತ್ತಿದ್ದರು, ಅಕ್ಷರ ಮಾತ್ರ ಸೊಟ್ಟ. ಹಾಗಾಗಿ ಹೆಸರು ಬರೆಯುವ ಕೆಲಸ ನನ್ನದು. ಕುಳಿಗಳ ಪರದೇಶದ ಹೆಸರು ನಮ್ಮ ಮಕ್ಕಳ ನಾಲಿಗೆಗೆ ಹೊರಳುವುದಿಲ್ಲ, ನಮ್ಮೂರ ಹೆಸರೇ ಇಡೋಣ ಎಂದವಳೂ ನಾನೇ. ಕಾರ್ತಿಕದ ಪಂಚಮಿಯ ದಿನ ಸಾಲಾಗಿ ಕಂಡ ಮೂರು ದೊಡ್ಡ ಕುಳಿಗಳಿಗೆ ಕೂರ್ಮಗಡ, ದೇವಗಡ, ಅಂಜದೀವ ಎಂದು ನಮ್ಮ ಸಮುದ್ರದ ನಡುಗಡ್ಡೆಗಳ ಹೆಸರು ಬರೆದೆ. ಪಕ್ಕದ ಕಪ್ಪು ಬಯಲು ಬೈತಖೋಲ ಬಂದರಾಯಿತು. ಬಾಣದ ಗುರುತು, ಗಂಟೆ, ನಿಮಿಷ ಎಲ್ಲ ಹಾಕಿದೆ. ಅಂಜದೀವವಂತೂ ನೌಕಾನೆಲೆಯ ವಶದಲ್ಲಿತ್ತು. ಅದರ ಮಗ್ಗುಲಲ್ಲಿ ಕೂತು ಎಂಥ ನಕಾಶೆ ಮಾಡುತ್ತಿದ್ದೇನೆಂಬ ಬುದ್ಧಿ ನನಗಿರಲಿಲ್ಲ.

ದಿನಾ ಸಂಜೆ ಸಮುದ್ರದ ಕಡೆ ಪೈಪು ತಿರುಗಿಸಿ ಕೂರುವ ಮುದುಕನ ಮೇಲೆ ಯಾರೋ ದೂರು ಕೊಟ್ಟರು. ದಶಮಿಯ ಸಂಜೆ ಇಬ್ಬರು ಪೊಲೀಸರು ಬಂದರು. ಮಾಸ್ತರು ಅಂಕೋಲೆಯ ತಂಗಿಯ ಮನೆಯಲ್ಲಿ ನಾಲ್ಕು ದಿನವಿದ್ದು ಆಗಷ್ಟೇ ಮರಳಿದ್ದರಿಂದ ಹೊಸ ಪುಸ್ತಕದಲ್ಲಿ ಪಂಚಮಿಯ ಮುಂದೆಲ್ಲ ಖಾಲಿ. ಹಿರಿಯ ಸಾಹೇಬರು ಆ ಪುಟದ ಮೇಲೆಯೇ ಬೆರಳಿಟ್ಟರು.

"ಇದು ಅಂಜದೀವ ಅಲ್ವೇನ್ರೀ?"

"ಚಂದ್ರನ ಮೇಲಿನ ಕುಳಿ ಸಾಹೇಬ್ರೆ. ಹೆಸ್ರು ಮಾತ್ರ ನಮ್ಮೂರಿಂದು."

"ಹಂಗಾದ್ರೆ ತೋರ್ಸಿ."

ತೋರಿಸಲಾಗಲಿಲ್ಲ. ಐದು ದಿನಗಳಲ್ಲಿ ಬೆಳಕಿನ ಅಂಚು ಬಹಳ ಮುಂದೆ ಸರಿದಿತ್ತು. ಆ ಕುಳಿಗಳ ಮೇಲೆ ಬಿಸಿಲೇರಿ ನೆರಳು ಕರಗಿತ್ತು. ಚಿತ್ರದಲ್ಲಿ ಬಾವಿಯಂತೆ ಕಪ್ಪಗಿದ್ದ ಜಾಗ ದುರ್ಬೀನಿನಲ್ಲಿ ಬರಿಯ ಮಸುಕು ಕಲೆ. ಸಾಹೇಬರು ಪುಸ್ತಕ ನೋಡಿದರು, ಮಾಸ್ತರ ಮುಖ ನೋಡಿದರು.

"ಈ ಅಕ್ಷರ ಯಾರ್ದು?"

ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಪೊಲೀಸ್ ಕೇಸು ಅಂತಾದರೆ ಮನೆಗೇ ಕಳಿಸುತ್ತಾರೆ. ಮಾಸ್ತರು ನನ್ನ ಕಡೆ ತಿರುಗದೆ "ನಂದೇ" ಅಂದರು. ನಡುಗುವ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದರು. ನಾನು ಸುಮ್ಮನಿದ್ದೆ.

ಮುಂದಿನ ತಿಂಗಳ ಶುದ್ಧ ಪಂಚಮಿಗೆ ಅದೇ ನೆರಳು ಬರುತ್ತದೆ, ಆಗ ಬಂದು ನೋಡಿ ಎಂದು ಮಾಸ್ತರು ಕೇಳಿಕೊಂಡರು. ಸಾಹೇಬರು ಒಪ್ಪಿದರು, ಆದರೆ ಪುಸ್ತಕ, ದುರ್ಬೀನು ಎರಡನ್ನೂ ಒಯ್ದರು. ಊರು ಬಿಡಬಾರದೆಂದರು. ಆ ಇಪ್ಪತ್ತೈದು ದಿನ ಹಾಲಿನವಳು ಕೂಡ ಗೇಟಿನ ಹೊರಗೇ ನಿಂತು ಹಾಲು ಕೊಟ್ಟು ಹೋದಳು. ಠಾಣೆಗೆ ಹೋಗಿ ನಿಜ ಹೇಳಿಬಿಡುತ್ತೇನೆ ಎಂದು ಒಮ್ಮೆ ಮಾಸ್ತರ ಮುಂದೆ ಅತ್ತೆ. "ಕಾಯಂ ಆಗೂವರೆಗೆ ಬಾಯಿ ಮುಚ್ಕಂಡಿರಿ ಅಕ್ಕೋರೇ" ಎಂದರು. ಅದು ನನಗೆ ಬೇಕಾಗಿದ್ದ ಮಾತೇ ಆಗಿತ್ತು. ಆ ನಾಚಿಕೆ ಇಂದಿಗೂ ಹೋಗಿಲ್ಲ.

ಪಂಚಮಿ ಬಂತು, ಮಧ್ಯಾಹ್ನದಿಂದಲೇ ಮೋಡ. ಆರೂವರೆಗೆ ಸಾಹೇಬರು ದುರ್ಬೀನು ಹೊರಿಸಿಕೊಂಡು ಬಂದರು. ಏಳಾಯಿತು. ಸಾಹೇಬರು ಗಡಿಯಾರ ನೋಡಿಕೊಂಡರು. ಮಾಸ್ತರು ಕುರ್ಚಿಯ ತೋಳು ಬಿಗಿಹಿಡಿದು ಕೂತಿದ್ದರು. ಏಳೂವರೆಯ ಸುಮಾರಿಗೆ ಮೋಡ ಒಂದಿಷ್ಟು ಬಿರಿಯಿತು... ಸಾಹೇಬರು ಕಣ್ಣಿಟ್ಟವರು ಬಹಳ ಹೊತ್ತು ತೆಗೆಯಲಿಲ್ಲ. ಒಂದು, ಎರಡು, ಮೂರು ಎಂದು ಸಣ್ಣಗೆ ಎಣಿಸಿದ್ದು ಕೇಳಿಸಿತು. ಪುಸ್ತಕ ಹಿಂತಿರುಗಿಸುತ್ತ "ತಪ್ಪು ತಿಳೀಬೇಡಿ ಮಾಸ್ತರ್ರೆ. ಹೆಸ್ರು ಮಾತ್ರ ತೆಗೀರಿ" ಎಂದರು.

ಮರುದಿನ ಮಾಸ್ತರು ನಾನು ಬರೆದಿದ್ದನ್ನೆಲ್ಲ ರಬ್ಬರಿನಿಂದ ಉಜ್ಜಿ, ತಮ್ಮ ಕೈಯಲ್ಲೇ ಸೊಟ್ಟಗೆ ಅಂಕಿ ಹಾಕಿದರು. ಆಮೇಲೆ ಬರೆಯಲು ನನ್ನನ್ನು ಕರೆಯಲೇ ಇಲ್ಲ. ಸಿಟ್ಟೋ, ನನ್ನನ್ನು ಕಾಯುವ ಉಪಾಯವೋ... ಕೇಳಲು ಧೈರ್ಯವಾಗಲಿಲ್ಲ. ನೌಕರಿ ಕಾಯಂ ಆಯಿತು, ಅಂಕೋಲೆಗೆ ವರ್ಗವಾಯಿತು. ಹೊರಡುವ ದಿನ ಪುಸ್ತಕವನ್ನು ಕೈಯಲ್ಲಿಟ್ಟು "ಮಕ್ಕಳಿಗೆ ತೋರ್ಸಿ" ಎಂದರು. ಮುಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಬಸ್ಸು ಹತ್ತಿದರೆ ಮುಟ್ಟುವ ಊರು, ಒಂದು ಸಲವೂ ಹೋಗಿರಲಿಲ್ಲ.

ಇವತ್ತು ಆ ಪುಟ ತೆರೆದು ನೋಡಿದರೆ ಕುಳಿಗಳ ಪಕ್ಕ ಬರೀ ಅಂಕಿ. ಕಿಟಕಿಯ ಸಂಜೆ ಬಿಸಿಲಿಗೆ ಓರೆಯಾಗಿ ಹಿಡಿದೆ. ಉಜ್ಜಿದ ಕಾಗದದಲ್ಲಿ ಪೆನ್ಸಿಲ್ ಒತ್ತಿದ ಗೆರೆಗಳಿಗೆ ಸಣ್ಣ ನೆರಳು ಬಂತು. ಅಂಜದೀವ. ನನ್ನದೇ ದುಂಡು ಅಕ್ಷರ.

"ಅಕ್ಷರ ನಂದು ಸಾಹೇಬ್ರೆ" ಎಂದು ಖಾಲಿ ಕಪಾಟಿನ ಮುಂದೆ ಕೂತು ಬಾಯಿಬಿಟ್ಟೇ ಹೇಳಿದೆ. ಬೇಡವೆನ್ನಲು ಮಾಸ್ತರು ಇರಲಿಲ್ಲ.