ನಾನು ಭಕ್ತಪುರಕ್ಕೆ ಹೋಗಿರಲಿಲ್ಲ

ದೆವ್ವ, ಪೂರ್ವಜನ್ಮ, ಕನಸಿನಲ್ಲಿ ಕಂಡದ್ದು ನಿಜವಾಗುವುದು, ಇವೆಲ್ಲ ಕೆಲಸವಿಲ್ಲದವರ ಮಾತು ಎಂದು ತಿಳಿದವನು ನಾನು. ಯಾರಾದರೂ ಅಂಥ ಕಥೆ ಶುರು ಮಾಡಿದರೆ ಕಾಫಿ ಲೋಟ ಹಿಡಿದುಕೊಂಡು ಮೆಲ್ಲಗೆ ಅಡುಗೆಮನೆಯ ಕಡೆ ಜಾರಿಕೊಳ್ಳುತ್ತಿದ್ದೆ. ಈಗ ನಾನೇ ಅಂಥದೊಂದನ್ನು ಹೇಳಲು ಕೂತಿರುವುದು ನನಗೆ ಮುಜುಗರದ ಸಂಗತಿಯೇ. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ. ನಂಬಬೇಕಾಗಿದ್ದ ಒಬ್ಬಳನ್ನೇ ನಂಬಿಸಲಾಗದೆ ಸೋತವನು ನಿಮ್ಮನ್ನೇನು ನಂಬಿಸಲಿ?

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನೂ ನನ್ನ ಹೆಂಡತಿ ಲಲಿತಾಳೂ ನ್ಯೂಜೆರ್ಸಿಯ ಹ್ಯಾರಿಸನ್‌ನಲ್ಲಿ ಒಂದು ಹಳೆಯ ಮನೆಯ ಮೇಲಂತಸ್ತಿನಲ್ಲಿ ಬಾಡಿಗೆಗಿದ್ದೆವು. ನಾನು ಮೈಸೂರಿನವನು, ಅವಳು ಧಾರವಾಡದವಳು. ಆಗ ಸುತ್ತಮುತ್ತ ಕನ್ನಡದವರು ಬೆರಳೆಣಿಕೆಯಷ್ಟು. ಯಾರಾದರೂ ಊಟಕ್ಕೆ ಕರೆದರೆ ಹಿಮ ಬೀಳುತ್ತಿದ್ದರೂ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದೆವು. ಊಟ ಚೆನ್ನಾಗಿಯೇ ಇರುತ್ತಿತ್ತು. ಕಷ್ಟವೆಲ್ಲ ಅದರ ನಂತರದ್ದು. ರಜೆಗೆ ಊರಿಗೆ ಹೋಗಿಬಂದ ಪ್ರತಿಯೊಬ್ಬರ ಮನೆಯಲ್ಲೂ ಒಂದು ಸ್ಲೈಡ್ ಪ್ರೊಜೆಕ್ಟರ್. ಬಿಸಿಬೇಳೆ ಭಾತ್ ತಿಂದ ತಪ್ಪಿಗೆ ಅವರ ನಾದಿನಿಯ ಮದುವೆಯನ್ನೂ ಸೋದರಮಾವನ ಹೊಸ ಸ್ಕೂಟರನ್ನೂ ಗೋಡೆಯ ಮೇಲೆ ದೊಡ್ಡದಾಗಿ ನೋಡಬೇಕಿತ್ತು.

ವುಡ್‌ಬ್ರಿಡ್ಜ್‌ನಲ್ಲಿ ನಮಗೆ ಬೇಕಾದವರೆಂದರೆ ಡಾಕ್ಟರ್ ಶ್ರೀಕಂಠ ಮತ್ತು ಅವರ ಹೆಂಡತಿ ಸರೋಜಾ. ಆ ವರ್ಷ ಊರಿಗೆ ಹೋದವರು ಕಠ್ಮಂಡುವಿಗೂ ಹೋಗಿ, ಒಂದು ದಿನ ಪೂರ್ತಿ ಪಾಟನ್, ಭಕ್ತಪುರ ಎಂಬ, ಆ ಕಣಿವೆಯ ಮೂಲದ ಜನರಾದ ನೇವಾರರ ಹಳೆಯ ಪಟ್ಟಣಗಳನ್ನು ಸುತ್ತಿ ಬಂದಿದ್ದರು. ಸುತ್ತಿದ್ದು ಒಂದು ದಿನ, ತೆಗೆದ ಸ್ಲೈಡುಗಳು ಒಂದು ವಾರ ನೋಡಿದರೂ ಮುಗಿಯದಷ್ಟು. ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಪರದೆ ಎಳೆದು, ಹಾಲಿನಲ್ಲಿ ಕತ್ತಲೆ ಮಾಡಿ, ನಮ್ಮನ್ನೂ ಇನ್ನೊಂದು ಸಂಸಾರವನ್ನೂ ಸೋಫಾದ ಮೇಲೆ ಕೂರಿಸಿದರು.

ಡಾಕ್ಟರಿಗೆ ಸ್ಲೈಡುಗಳನ್ನು ಸರಿಯಾಗಿ ಜೋಡಿಸುವ ವ್ಯವಧಾನವೇ ಇರಲಿಲ್ಲ. ಪಾಟನ್ನಿನ ಕಲ್ಲಿನ ಕೃಷ್ಣ ದೇವಸ್ಥಾನ ತಲೆಕೆಳಗಾಗಿ ಬಂತು. ನಾವೆಲ್ಲ ಕತ್ತು ತಿರುಚಿಕೊಂಡು ಕೃಷ್ಣನ ದರ್ಶನ ಮಾಡಿದೆವು. ಭಕ್ತಪುರದ ಐದಂತಸ್ತಿನ ಗುಡಿ ಬಂತು, ಅದರ ಮೆಟ್ಟಿಲ ಪಕ್ಕದ ಕಲ್ಲಿನ ಪೈಲ್ವಾನರು ಬಂದರು, ಪೈಲ್ವಾನರ ಪಕ್ಕದಲ್ಲಿ ಸರೋಜಾ, ಆನೆಯ ಪಕ್ಕದಲ್ಲಿ ಸರೋಜಾ, ಸಿಂಹದ ಪಕ್ಕದಲ್ಲಿ ಸರೋಜಾ. ನನಗೆ ಆಕಳಿಕೆಯ ಮೇಲೆ ಆಕಳಿಕೆ. ಎಷ್ಟು ಹೊತ್ತಿಗೆ ಎದ್ದು ಮನೆಗೆ ಹೋಗುತ್ತೇವೋ ಎಂದು ಒಳಗೊಳಗೇ ರೇಗುತ್ತಿತ್ತು.

ಆಗ ಒಂದು ಗಲ್ಲಿಯ ಚಿತ್ರ ಬಂತು. ಇಟ್ಟಿಗೆ ಹಾಸಿದ ನೆಲ, ಇಕ್ಕಟ್ಟಾದ ಮನೆಗಳು, ನಡುವೆ ನೆಲಮಟ್ಟಕ್ಕಿಂತ ಕೆಳಗೆ ತೋಡಿ ಕಟ್ಟಿದ ಒಂದು ನೀರಿನ ತಾಣ, ಅದರೊಳಕ್ಕೆ ಇಳಿಯಲು ಎಡಗಡೆಗೆ ಮೆಟ್ಟಿಲು. ಮನುಷ್ಯರಾರೂ ಇರಲಿಲ್ಲ.

"ಡಾಕ್ಟ್ರೇ, ಇದು ಹಿಂದುಮುಂದಾಗಿದೆ," ಎಂದೆ. "ಮೆಟ್ಟಿಲು ಬಲಗಡೆ ಬರಬೇಕು."

"ಸುಮ್ನಿರಪ್ಪ, ಹೋಗಿದ್ದು ನಾನೋ ನೀನೋ?" ಎಂದು ಅವರು ನಕ್ಕರು. ಆದರೂ ಸ್ಲೈಡ್ ಹೊರಗೆ ತೆಗೆದು ನೋಡಿದರು. ಅದರ ರಟ್ಟಿನ ಚೌಕಟ್ಟಿನಲ್ಲಿ ಯಾವ ಬದಿ ಪರದೆಯ ಕಡೆಗಿರಬೇಕು ಎಂದು ಅಚ್ಚು ಹಾಕಿರುತ್ತದೆ. ನಿಜಕ್ಕೂ ಹಿಂದುಮುಂದಾಗಿಯೇ ಹಾಕಿದ್ದರು. ತಿರುಗಿಸಿ ಹಾಕಿದಾಗ ಮೆಟ್ಟಿಲು ಬಲಗಡೆಗೆ ಬಂತು. ಇಂಜಿನಿಯರ್ ಕಣ್ಣು ಎಂದು ಎಲ್ಲರೂ ನಕ್ಕರು.

ನಾನು ಅಲ್ಲಿಗೇ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಮುಚ್ಚಿಕೊಳ್ಳಲಿಲ್ಲ. "ಇಲ್ಲಿಂದ ಮುಂದೆ ಮೂಲೆಯಲ್ಲಿ ಒಂದು ಕೆತ್ತನೆ ಕಿಟಕಿ ಇದೆ. ಅದರಲ್ಲಿ ಎರಡು ಹಕ್ಕಿ. ಒಂದರ ತಲೆ ಮುರಿದುಹೋಗಿದೆ," ಎಂದೆ. ಯಾಕೆ ಹಾಗೆಂದೆ ಎಂದು ಕೇಳಬೇಡಿ. ಊಟದ ಮಂಪರಿನಲ್ಲಿ, ನಮ್ಮ ಬೀದಿಯ ಕೊನೆಯಲ್ಲಿ ಅಂಚೆ ಡಬ್ಬ ಇದೆ ಎನ್ನುವ ಹಾಗೆ ಹೇಳಿದೆ. ಡಾಕ್ಟರು ಗುಂಡಿ ಒತ್ತಿದರು. ಕಿಟಕಿ ಬಂತು. ಎರಡು ಹಕ್ಕಿಗಳಿದ್ದವು. ಒಂದಕ್ಕೆ ತಲೆ ಇರಲಿಲ್ಲ.

ಸರೋಜಾ, "ಅಯ್ಯೋ, ನೀವೂ ಹೋಗಿದ್ರಾ? ಒಂದು ಮಾತು ಹೇಳಲೇ ಇಲ್ವಲ್ರೀ!" ಎಂದರು. ನಾನು ಲಲಿತಾಳ ಕಡೆ ನೋಡಿದೆ. ಅವಳು ನನ್ನ ಕಡೆ ನೋಡುತ್ತಿರಲಿಲ್ಲ.

ಇಲ್ಲಿ ಒಂದು ವಿಷಯ ಹೇಳಬೇಕು. ಅಮೆರಿಕಕ್ಕೆ ಬರುವ ಮೊದಲು, ಮದುವೆಗೂ ಮೊದಲು, ನಾನು ಪಟ್ನಾದಲ್ಲಿ ಕೆಲಸಕ್ಕಿದ್ದೆ. ನಮ್ಮ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದ ಬಂಗಾಳಿ ಹುಡುಗಿಯೊಬ್ಬಳ ಜೊತೆ ಕೆಲವು ಸಲ ಸಿನಿಮಾಕ್ಕೆ ಹೋಗಿದ್ದೆ. ಅದಕ್ಕಿಂತ ಹೆಚ್ಚೇನೂ ಇಲ್ಲ. ಮದುವೆಯಾದ ಹೊಸದರಲ್ಲಿ ನಾನೇ ಲಲಿತಾಳಿಗೆ ಹೇಳಿದ್ದೆ, ಅವಳೂ ನಕ್ಕು ಬಿಟ್ಟುಬಿಟ್ಟಿದ್ದಳು. ಆದರೆ ಪಟ್ನಾದಿಂದ ನೇಪಾಳ ಎಷ್ಟು ದೂರ? ನಕ್ಷೆ ತೆಗೆದರೆ ಒಂದು ಗೇಣೂ ಇಲ್ಲ. ಅಂದು ಮನೆಗೆ ವಾಪಸಾಗುವ ದಾರಿಯುದ್ದಕ್ಕೂ ಲಲಿತಾ ಕಾರಿನ ಕಿಟಕಿಯಿಂದ ಹೊರಗೆ ನೋಡುತ್ತ ಕೂತಿದ್ದಳು. ಮನೆಗೆ ಬಂದು ಕೋಟು ತೆಗೆದವಳೇ ಕೇಳಿದಳು. "ಯಾರ ಜೋಡಿ ಹೋಗಿದ್ರಿ?"

"ಹೋಗೇ ಇಲ್ಲ ಕಣೇ!" ಎಂದೆ. ದೇವರಾಣೆ ಎಂದೆ. ದೇವರನ್ನು ನಂಬದವನ ಆಣೆಗೆ ಏನು ಬೆಲೆ ಎಂದಳು. ಸರಿ, ಬೀರುವಿನಿಂದ ಪಾಸ್‌ಪೋರ್ಟ್ ತಂದು ಅವಳ ಮುಂದೆ ಹಾಕಿ, ಒಂದೊಂದೇ ಹಾಳೆ ತಿರುಗಿಸಿ, ನೋಡು, ನೇಪಾಳದ ಮುದ್ರೆ ಎಲ್ಲಿದೆ ತೋರಿಸು ಎಂದು ಕೂಗಾಡಿದೆ. ಗೆದ್ದೆ ಎಂದೇ ತಿಳಿದಿದ್ದೆ. ಅವಳು ತಣ್ಣಗೆ, "ನಮ್ಮ ಮಂದಿಗೆ ನೇಪಾಳಕ್ಕ ಹೋಗಲಿಕ್ಕೆ ಪಾಸ್‌ಪೋರ್ಟ್ ಯಾಕ ಬೇಕ್ರಿ?" ಎಂದಳು. ನನ್ನ ಮೈಯೆಲ್ಲ ಉರಿದುಹೋಯಿತು. ಹೋದದ್ದಕ್ಕೆ ಸಾಕ್ಷಿ ಒದಗಿಸಬಹುದು. ಹೋಗದೆ ಇದ್ದದ್ದಕ್ಕೆ ಎಲ್ಲಿಂದ ತರಲಿ?

ಯಾವುದೋ ಪತ್ರಿಕೆಯಲ್ಲಿ, ಕ್ಯಾಲೆಂಡರಿನಲ್ಲಿ ಆ ಚಿತ್ರ ನೋಡಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಲೈಬ್ರರಿಗೆ ಹೋಗಿ ಹಿಮಾಲಯದ ಮೇಲಿನ ಪುಸ್ತಕಗಳನ್ನೆಲ್ಲ ತಿರುವಿ ಹಾಕಿದೆ. ಆ ಗುಡಿ, ಈ ಅರಮನೆ ಎಲ್ಲ ಸಿಕ್ಕವು. ತಲೆಮುರಿದ ಹಕ್ಕಿಯೊಂದು ಮಾತ್ರ ಸಿಗಲಿಲ್ಲ. ಮನೆಯಲ್ಲಿ ಲಲಿತಾ ಜಗಳವಾಡಿದ್ದರೆ ಸುಖವಿತ್ತು. ಅವಳು ಜಗಳವಾಡಲಿಲ್ಲ. ಹೊತ್ತುಹೊತ್ತಿಗೆ ಊಟ ಬಡಿಸುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಅಷ್ಟೇ. ನಾನು ಆಫೀಸಿನಿಂದ ಅರ್ಧ ಗಂಟೆ ತಡವಾಗಿ ಬಂದರೂ ಒಂದು ನೋಟ ನೋಡುತ್ತಿದ್ದಳು. ನನ್ನ ಯಾವ ಮಾತನ್ನೂ ಅವಳು ಪೂರ್ತಿ ನಂಬುತ್ತಿರಲಿಲ್ಲ. ಅದರಿಂದ ನನಗೆ ಸಂಕಟವಾಗುತ್ತಿತ್ತು.

ಕೆಲವು ವರ್ಷಗಳ ಮೇಲೆ ಊರಿಗೆ ಹೋದಾಗ, ಇದೊಂದು ಇತ್ಯರ್ಥವಾಗಲಿ ಎಂದು ಹಟ ಹಿಡಿದು ಅವಳನ್ನು ಕಠ್ಮಂಡುವಿಗೆ ಕರೆದುಕೊಂಡು ಹೋದೆ. ಬೆಳಿಗ್ಗೆ ಪಾಟನ್, ಮಧ್ಯಾಹ್ನ ಭಕ್ತಪುರ. ಪಾಟನ್ನಿನ ಚೌಕದಲ್ಲಿ ಅವಳ ಮುಖ ಸ್ವಲ್ಪ ಅರಳಿತ್ತು. ಕೃಷ್ಣನ ಗುಡಿಯ ಕೆತ್ತನೆಯನ್ನು ಬಹಳ ಹೊತ್ತು ನೋಡಿದಳು. ಭಕ್ತಪುರದಲ್ಲಿ ಟ್ಯಾಕ್ಸಿ ಇಳಿದದ್ದೇ, "ಈಗ ನೀವ ಮುಂದ ನಡೀರಿ," ಎಂದಳು.

ನನಗೆ ಒಂದು ಕಲ್ಲೂ ಗುರುತು ಸಿಗಲಿಲ್ಲ. ಯಾವ ಗಲ್ಲಿ ಹಿಡಿದರೂ ಸುತ್ತಿ ಸುತ್ತಿ ಕುಂಬಾರರು ಮಡಕೆ ಒಣಗಿಸುವ ಬಯಲಿಗೇ ಬಂದು ನಿಲ್ಲುತ್ತಿದ್ದೆ. ಮಡಕೆ ತಟ್ಟುತ್ತಿದ್ದ ಮುದುಕ ನಮ್ಮನ್ನು ನೋಡಿ ನಗಲು ಶುರುಮಾಡಿದ. ನೀರಿನ ತಾಣಗಳು ಬೇಕಾದಷ್ಟಿದ್ದವು, ಯಾವುದೂ ಅದಲ್ಲ. ಕಿಟಕಿಗಳಂತೂ ಮನೆಗೊಂದು. ಅಂಗಡಿಯವನೊಬ್ಬನನ್ನು ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ಅವನು ತಲೆ ಇರುವ ಹಕ್ಕಿಗಳ ಕಿಟಕಿಯನ್ನೇ ತೋರಿಸಿ, ಇದು ಚೆನ್ನಾಗಿಲ್ಲವೇ ಎಂದ. ಬಿಸಿಲು ನೆತ್ತಿಗೇರಿತ್ತು. ಲಲಿತಾಳ ಚಪ್ಪಲಿಯ ಉಂಗುಟ ಕಿತ್ತುಹೋಯಿತು. ಅವಳು ಐದಂತಸ್ತಿನ ಗುಡಿಯ ಮೆಟ್ಟಿಲ ಮೇಲೆ ಕೂತು, "ಎಷ್ಟ ಚಂದ ನಾಟಕ ಮಾಡ್ತೀರಿ," ಎಂದಳು. ಗೊತ್ತಿದ್ದ ದಾರಿಯನ್ನು ಬೇಕೆಂದೇ ತಪ್ಪಿಸುತ್ತಿದ್ದೇನೆ ಎಂದು ಅವಳ ಲೆಕ್ಕ. ಗುರುತು ಹಿಡಿದಾಗಲೂ ಕಳ್ಳ, ಗುರುತು ಹಿಡಿಯದಾಗಲೂ ಕಳ್ಳ. ನಡುಬೀದಿಯಲ್ಲಿ ನಿಂತು ಅತ್ತುಬಿಡೋಣ ಎನ್ನಿಸಿತು ನನಗೆ.

ವಾಪಸು ಬಂದ ಮೇಲೆ ಹ್ಯಾರಿಸನ್‌ನಲ್ಲಿ ಒಂದು ಸಂಜೆ. ಊಟವಾಗಿತ್ತು. ಲಲಿತಾ ತಟ್ಟೆ ಎತ್ತುತ್ತಿದ್ದವಳು ನಿಂತು, "ಒಮ್ಮೆ ಖರೇ ಹೇಳಿಬಿಡ್ರಿ. ಸಿಟ್ಟ ಮಾಡೂದಿಲ್ಲ. ನನಗ ಸಾಕಾಗೇದ," ಎಂದಳು. ಅವಳ ಕಣ್ಣು ತುಂಬಿತ್ತು. ನನಗೂ ಸಾಕಾಗಿಹೋಗಿತ್ತು.

"ಹೌದು. ಹೋಗಿದ್ದೆ," ಎಂದೆ. "ಒಬ್ಬನೇ. ಎರಡು ದಿನ."

ಅವಳು ಕುರ್ಚಿ ಎಳೆದುಕೊಂಡು ಕೂತಳು. "ಎಲ್ಲೆ ಉಳಕೊಂಡಿದ್ರಿ?"

ಸುಳ್ಳು ಹೇಳುವವನು ಸ್ವಲ್ಪವಾದರೂ ತಡವರಿಸಬೇಕಲ್ಲ? ನಾನು ತಡವರಿಸಲಿಲ್ಲ. ಒಂದು ಮನೆಯಲ್ಲಿ ಎಂದೆ. ಬಾಗಿಲು ಎಷ್ಟು ಕುಳ್ಳೆಂದರೆ ಬಗ್ಗಿ ಒಳಗೆ ಹೋಗಬೇಕು, ಒಳಗೆ ಏಣಿಯಂಥ ಮರದ ಮೆಟ್ಟಿಲು, ಮಲಗಿದ್ದ ಕೋಣೆಯಲ್ಲಿ ಹುಲ್ಲಿನ ಚಾಪೆ, ಅಡುಗೆಮನೆ ಎಲ್ಲಕ್ಕಿಂತ ಮೇಲೆ, ಮಾಡಿನ ಕೆಳಗೆ. "ಅಟ್ಟದ ಮ್ಯಾಲೆ ಅಡಿಗಿಮನಿ?" ಎಂದು ಲಲಿತಾ ನಕ್ಕಳು. ಎಷ್ಟು ವರ್ಷಗಳಾಗಿದ್ದವೋ ಅವಳು ಹಾಗೆ ನಕ್ಕು. ಅಲ್ಲಿಯ ಹಳೆಯ ಮನೆಗಳಲ್ಲಿ ಅಡುಗೆಮನೆ ಇರುವುದು ಅಲ್ಲಿಯೇ ಎಂದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ನಾವು ಹೋದ ದಿನ ಯಾರ ಮನೆಯ ಹೊಸಿಲನ್ನೂ ದಾಟಿರಲಿಲ್ಲ.

ಲಲಿತಾಳ ಮುಖ ಹಗುರಾಗಿತ್ತು. ಇಷ್ಟು ಹೇಳಲಿಕ್ಕೆ ಇಷ್ಟು ವರ್ಷ ಬೇಕಾತೇನ್ರಿ ಎಂದು ನನ್ನ ಕೈ ಹಿಡಿದುಕೊಂಡಳು. ಆಮೇಲೆ ಸುಮ್ಮನೆ, ಕುತೂಹಲಕ್ಕೆ ಎಂಬಂತೆ ಕೇಳಿದಳು. "ಆ ಮನಿಯೊಳಗ ಮತ್ತ ಯಾರಿದ್ರು?"

ಒಂದು ಹೆಸರು ನನ್ನ ನಾಲಿಗೆಯ ತುದಿಗೆ ಬಂತು. ಹೆಂಗಸಿನ ಹೆಸರು. ಪಟ್ನಾದ ಹುಡುಗಿಯ ಹೆಸರಲ್ಲ. ಆ ಹೆಸರಿನವರನ್ನು ನಾನು ಕಂಡೂ ಇಲ್ಲ, ಕೇಳಿಯೂ ಇಲ್ಲ. ಆದರೂ ಎಷ್ಟೋ ಸಲ ಕರೆದ ಹೆಸರಿನ ಹಾಗೆ ಬಂದ ಅದನ್ನು ನುಂಗಿಕೊಂಡೆ.

"ಯಾರೂ ಇರಲಿಲ್ಲ," ಎಂದೆ.

ಅವಳು ನಂಬಿದಳು. ಆಮೇಲೆ ಎಂದೂ ಕೇಳಲಿಲ್ಲ.